ಅಜ್ಜಿ ಮಡಿಚಿದ ಪ್ಯಾರಾಚೂಟ್

ಫೆಬ್ರವರಿ 9
ಬಂದರಿನ ಬಾಡಿಗೆ ಕೋಣೆಯಿಂದ

ಮಾವನಿಗೆ ನಿಮ್ಮ ನೀರುಕೋಳಿಯ ನಮಸ್ಕಾರ.

ದಯವಿಟ್ಟು ಕೂತುಕೊಂಡು ಓದಿ. ನಿಂತು ಓದಿದರೆ, ಕ್ಲಚ್ ಬಿಡಲು ಬಾರದ ನಿಮ್ಮ ಹೊಸ ಶಿಷ್ಯರ ಕಾರಿನ ಹಾಗೆ ನೀವೂ ಒಮ್ಮೆಲೇ ಎಗರಿ ನಿಂತುಬಿಡುತ್ತೀರಿ. ನನಗೆ ಆ ಕೆಲಸ ಸಿಕ್ಕಿತು. ಯುದ್ಧಕಾಲದಲ್ಲಿ ಕಡಲಿಗೆ ಬಿದ್ದ ವಿಮಾನಗಳನ್ನೂ ಅವುಗಳ ಜೊತೆ ಕಾಣೆಯಾದವರನ್ನೂ ಹುಡುಕುವ ದೋಣಿಯಲ್ಲಿ ನಾನೀಗ ಮುಳುಗುಗಾರ್ತಿ. ಅಷ್ಟೇ ಆಗಿದ್ದರೆ ಒಂದು ಕಾರ್ಡು ಸಾಕಿತ್ತು. ಈ ಸಲ ಇವರು ಹುಡುಕಲು ಹೊರಟಿರುವುದು ಅಜ್ಜನ ವಿಮಾನವನ್ನೇ. ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ದೋಣಿಯಲ್ಲಿ ಹೇಗೂ ನೆಲವಿಲ್ಲ ಬಿಡಿ.

ನಮಗೆ ಗೊತ್ತಿರುವುದಕ್ಕಿಂತ ಹೆಚ್ಚೇನೂ ಇವರಿಗೂ ಗೊತ್ತಿಲ್ಲ. ಗಸ್ತಿನ ವಿಮಾನ. ಒಳಗೆ ಇಬ್ಬರು: ಪೈಲಟ್, ಮತ್ತು ರೇಡಿಯೋ ನೋಡಿಕೊಳ್ಳುತ್ತಿದ್ದ ನಮ್ಮಜ್ಜ. ನೀವು ತೊಟ್ಟಿಲಲ್ಲಿದ್ದಿರಿ, ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ಹಾರಿದ್ದು ಮರಳಲಿಲ್ಲ. ಆದರೆ ಒಂದು ಸುಳಿವಿದೆ. ಅಂದು ಬಲೆ ಬೀಸುತ್ತಿದ್ದ ಮೀನುಗಾರನೊಬ್ಬ, ವಿಮಾನದಿಂದ ಬಿಳಿ ಗಂಟೊಂದು ಕಳಚಿ ಬಿದ್ದದ್ದನ್ನು, ಅದು ಬಿಚ್ಚಿಕೊಳ್ಳದೆ ಹಾಗೇ ನೀರಿಗೆ ಅಪ್ಪಳಿಸಿದ್ದನ್ನು ಕಂಡಿದ್ದನಂತೆ. ಯಾರೋ ಹಾರಿದ್ದಾರೆ, ಪ್ಯಾರಾಚೂಟ್ ಬಿಚ್ಚಿಲ್ಲ ಎಂದು ನಮ್ಮವರ ತರ್ಕ. ಬಿಚ್ಚದ ಪ್ಯಾರಾಚೂಟ್ ಗಾಳಿಗೆ ತೇಲುವುದಿಲ್ಲ, ನೆಟ್ಟಗೆ ಬೀಳುತ್ತದೆ. ಆದ್ದರಿಂದ ವಿಮಾನವೂ ಆಸುಪಾಸಿನಲ್ಲೇ ಇರಬೇಕು.

ಹುಡುಕುವುದು ಹೇಗೆಂದರೆ, ದೋಣಿಯ ಹಿಂದೆ ಉದ್ದನೆಯ ಕೇಬಲ್ಲಿಗೆ ಒಂದು ಉಪಕರಣ ಕಟ್ಟಿ ಎಳೆಯುತ್ತೇವೆ. ಅದಕ್ಕೆ ಮೀನು ಎಂದೇ ಹೆಸರು. ಅದು ಎರಡೂ ಪಕ್ಕಕ್ಕೆ ಶಬ್ದ ಹೊಮ್ಮಿಸುತ್ತದೆ. ಕಡಲತಳಕ್ಕೆ ಬಡಿದು ಮರಳಿದ ಶಬ್ದ ಯಂತ್ರದೊಳಗಿನ ಕಾಗದದ ಮೇಲೆ ಕಂದು ಚಿತ್ರವಾಗಿ ಮೂಡುತ್ತದೆ. ಕೋಣೆಯ ತುಂಬ ಕಾಗದ ಸುಟ್ಟ ವಾಸನೆ. ಹೊಲ ಉತ್ತ ಹಾಗೆ ಸಾಲು ಹಿಡಿದು ಹೋಗುವುದು, ಬರುವುದು, ಮತ್ತೆ ಹೋಗುವುದು. ನಮ್ಮ ಕ್ಯಾಪ್ಟನ್ನಿಗೆ ಎಲ್ಲರೂ ಇಟ್ಟಿರುವ ಹೆಸರು ಗೊಣಗಪ್ಪ. ಸಮುದ್ರ ಅಲುಗಿದರೂ ಗೊಣಗುತ್ತಾರೆ, ಅಲುಗದಿದ್ದರೂ ಗೊಣಗುತ್ತಾರೆ. ಸಾಲು ಮಾತ್ರ ದಾರ ಹಿಡಿದಂತೆ ನೇರ.

ಇದನ್ನು ಅಜ್ಜಿಗೆ ನೀವೇ ಓದಿ ಹೇಳಿ. ಅವಳು ಏನಂದಳು, ಮುಖ ಹೇಗಾಯಿತು, ಎಲ್ಲ ಬರೆಯಬೇಕು.

ಸಂಭ್ರಮದಲ್ಲಿರುವ,
ನೀರುಕೋಳಿ

*

ಫೆಬ್ರವರಿ 21
ಡ್ರೈವಿಂಗ್ ಸ್ಕೂಲಿನ ಮಹಡಿಯಿಂದ

ನೀರುಕೋಳಿಗೆ ಮಾವನ ಆಶೀರ್ವಾದ.

ಕೂತೇ ಓದಿದೆ, ಆದರೂ ಎಗರಿದೆ. ತಲೆ ನರೆಯುವ ವಯಸ್ಸಿನಲ್ಲಿ ಅಪ್ಪನ ಸುದ್ದಿ ಬರಬಹುದು ಎಂದರೆ ಯಾರು ತಾನೇ ಸುಮ್ಮನೆ ಕೂತಾರು? ಅವತ್ತು ಪಾಠಕ್ಕೆ ಬಂದ ಹೆಂಗಸಿಗೆ ಬ್ರೇಕ್ ಎನ್ನಬೇಕಾದ ಕಡೆ ಆಕ್ಸಿಲರೇಟರ್ ಎಂದುಬಿಟ್ಟೆ. ಪುಣ್ಯಕ್ಕೆ ಎದುರಿಗಿದ್ದದ್ದು ಬರೀ ಬೇಲಿ.

ಅಜ್ಜಿಯ ಮುಖ ಹೇಗಾಯಿತು ಎಂದು ಕೇಳಿದ್ದೀಯ. ಅದನ್ನು ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು. ವಿಮಾನ ಎನ್ನುವವರೆಗೂ ಕಿವಿಯಾಗಿ ಕೇಳುತ್ತಿದ್ದಳು. ಬಿಳಿ ಗಂಟು ಎಂದದ್ದೇ ತಡ, ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. "ಆ ಗಂಟು ಸಿಕ್ಕಿದ್ರೆ ನನಗೆ ಹೇಳ್ಬೇಡಿ" ಎಂದಳು. ಎರಡು ದಿನ ನನ್ನ ಚಹಾಕ್ಕೆ ಹೆಸರಿಡಲೂ ಇಲ್ಲ. ಅಲ್ಲಿಗೆ ನನಗೆ ಭಯವಾಯಿತು.

ಆಮೇಲೆ ತಾನಾಗಿಯೇ ಹೇಳಿದಳು. ವಿಮಾನ ನಿಲ್ದಾಣದಲ್ಲಿ ಅಜ್ಜಿಗೆ ಕೆಲಸವಿತ್ತು ಎಂದಷ್ಟೇ ನಮಗೆ ಗೊತ್ತಿತ್ತಲ್ಲ? ಅವಳು ಪ್ಯಾರಾಚೂಟ್ ಮಡಿಚುವವಳಾಗಿದ್ದಳಂತೆ. ಉದ್ದನೆಯ ಮೇಜು, ಅದರ ಮೇಲೆ ರೇಷ್ಮೆಯ ರಾಶಿ, ಎರಡೂ ಬದಿಗೆ ಹೆಂಗಸರು. ಕೋಣೆಯಷ್ಟು ದೊಡ್ಡ ಬಟ್ಟೆಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ದಿಂಬಿನಷ್ಟು ಮಾಡಬೇಕು. ಆದರೆ ಒಂದೇ ಎಳೆತಕ್ಕೆ ಅದು ಪೂರ್ತಿ ಬಿಚ್ಚಿಕೊಳ್ಳಬೇಕು. ಆ ಮೇಜಿನವರದ್ದೇ ಒಂದು ಪದ್ಧತಿ ಇತ್ತು: ಗಂಡನೋ ತಮ್ಮನೋ ಹಾರುವವನಾಗಿದ್ದರೆ ಅವನ ಪ್ಯಾರಾಚೂಟನ್ನು ಆ ಮನೆಯವಳೇ ಕಟ್ಟಬೇಕು. ಅವಳಷ್ಟು ಜೋಪಾನವಾಗಿ ಇನ್ಯಾರು ಕಟ್ಟುತ್ತಾರೆ ಎಂದು.

ನಿಮ್ಮಜ್ಜನದನ್ನು ಕಟ್ಟಿದ್ದು ಅಜ್ಜಿಯೇ. ಮೀನುಗಾರ ಕಂಡ ಬಿಳಿ ಗಂಟಿನ ಮಾತು ಆ ವಾರವೇ ಅವಳ ಕಿವಿಗೂ ಬಿದ್ದಿತ್ತು. ಅಂದಿನಿಂದ ಇವತ್ತಿನವರೆಗೆ ಅವಳ ಎದೆಯಲ್ಲಿರುವುದು ಇಷ್ಟೇ: "ಅವರು ನನ್ನ ನಂಬಿ ಹಾರಿದ್ರು. ನಾನು ಮಡಿಚಿದ್ದು ಬಿಚ್ಚಲಿಲ್ಲ."

ನಮ್ಮ ಮನೆಯಲ್ಲಿ ಮಡಿಚಿದ ಬಟ್ಟೆ ನೀನು ಎಂದಾದರೂ ನೋಡಿದ್ದೀಯಾ? ಹೊದಿಕೆ, ಟವೆಲ್ಲು, ಸೀರೆ, ಎಲ್ಲ ಕುರ್ಚಿಯ ಮೇಲೆ ಗುಡ್ಡೆ. ನೀನು ಚಿಕ್ಕವಳಿದ್ದಾಗ ಅದರ ಮೇಲಿಂದ ಜಾರುತ್ತಿದ್ದೆ. ಅಜ್ಜಿ ಸೋಮಾರಿ ಎಂದು ನಾವೆಲ್ಲ ನಗಾಡಿದೆವು, ಅವಳೂ ನಮ್ಮ ಜೊತೆ ನಕ್ಕಳು. ಅವಳು ಒಂದು ಕರವಸ್ತ್ರವನ್ನೂ ಮಡಿಚಿದವಳಲ್ಲ. ಯಾಕೆ ಎಂದು ಮೊನ್ನೆ ಗೊತ್ತಾಯಿತು.

ನೀನು ಹುಡುಕಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹುಡುಕು ಎನ್ನಲು ಧೈರ್ಯ ಬರುವುದಿಲ್ಲ. ಇನ್ನು ಪತ್ರಗಳನ್ನು ಅಜ್ಜಿಯ ಕೈಗೆ ಸಿಗದ ಹಾಗೆ ಕೆಳಗಿನ ಸ್ಕೂಲಿನ ವಿಳಾಸಕ್ಕೆ ಹಾಕು.

ನಿನ್ನ ಮಾವ

*

ಮಾರ್ಚ್ 14
ದೋಣಿಯಿಂದ

ಮಾವ,

ನಿಮ್ಮ ಪತ್ರ ಓದಿ ಅತ್ತೆ. ಆಮೇಲೆ ಮುಖ ತೊಳೆದು ಇನ್ನಷ್ಟು ಹಟದಿಂದ ಕಾಗದದ ಮುಂದೆ ಕೂತೆ. ಬೈದರೂ ಪರವಾಗಿಲ್ಲ, ನಾನು ಹುಡುಕುವವಳೇ. ತಿಳಿಯದೆ ಇರುವುದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಮೀನುಗಾರ ಹೇಳಿದ ಜಾಗದ ಸುತ್ತ ಸಾಲು ಹೊಡೆದು ಹೊಡೆದು ಎಲ್ಲರಿಗೂ ಬೇಸರ ಬಂದಿತ್ತು. ಒಮ್ಮೆ ಬಂಡೆ ವಿಮಾನದ ವೇಷ ಹಾಕಿತ್ತು. ಒಮ್ಮೆ ಯಾರೋ ಮುಳುಗಿಸಿದ ಹಳೆಯ ದೋಣಿ. ಮೊನ್ನೆ ಕಾಗದದ ಮೇಲೆ ಉಗುರಿನಷ್ಟು ಚಿಕ್ಕ ಗುರುತು ಬಂತು. ನಾನೂ ನನ್ನ ಜೊತೆಯ ಮುಳುಗುಗಾರನೂ ಹಗ್ಗ ಹಿಡಿದು ಇಳಿದೆವು. ಕೆಳಗೆ ಹಸಿರು ಮಬ್ಬು, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ತಡವುತ್ತಾ ಹೋದೆ. ಅಂಗೈಗೆ ತಣ್ಣಗೆ, ಬಾಗಿದ್ದು ಏನೋ ಸಿಕ್ಕಿತು. ಕೆಸರು ಒರೆಸಿದರೆ ಒಂದು ತಗಡು.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದುಕೊಂಡೇ ಮೇಲೆ ತಂದೆವು. ಅದು ಎಂಜಿನ್ನಿನ ಮೇಲಿನ ಮುಚ್ಚಳ. ಒಂದು ಬದಿಯಲ್ಲಿ ಬಣ್ಣ ಇನ್ನೂ ಇತ್ತು. ಬಿಳಿ ಬಣ್ಣ, ಮಾವ. ಆಕಾಶದ ಬೆಳಕಿನಲ್ಲಿ ಕೆಳಗಿನವರಿಗೆ ಕಾಣದಿರಲಿ ಎಂದು ಗಸ್ತಿನ ವಿಮಾನಗಳ ಹೊಟ್ಟೆಗೂ ಎಂಜಿನ್ನಿನ ಸುತ್ತಲಿಗೂ ಬಿಳಿ ಬಳಿಯುತ್ತಿದ್ದರಂತೆ. ಇದು ಬಿದ್ದಿದ್ದದ್ದು ಮೀನುಗಾರ ಕೈ ತೋರಿಸಿದ್ದ ಜಾಗದಲ್ಲೇ.

ಬಿಳಿ ಗಂಟು ಗಂಟಲ್ಲದಿದ್ದರೆ? ದೂರದ ದೋಣಿಯಿಂದ ನೋಡಿದವನಿಗೆ ಉರುಳುತ್ತಾ ಬೀಳುವ ಬಿಳಿ ತಗಡು ಮತ್ತೆ ಹೇಗೆ ಕಂಡೀತು? ಗಂಟು ಎಂದು ನಂಬಿದ್ದಕ್ಕೇ ನಾವು ಇಷ್ಟು ದಿನ ಇಲ್ಲೇ ಗಾಣದ ಎತ್ತಿನ ಹಾಗೆ ಸುತ್ತಿದ್ದು. ಗೊಣಗಪ್ಪ ತಗಡನ್ನು ಕಾಲಿನಿಂದ ತಟ್ಟಿ ಗೊಣಗಿದರು: "ಮುಚ್ಚಳ ಬಿದ್ರೆ ವಿಮಾನ ಇಲ್ಲೇ ಬೀಳ್ಬೇಕಾ? ಚಪ್ಪಲಿ ಕಿತ್ತೋದ್ರೂ ಮನುಷ್ಯ ಮನೆ ತನಕ ನಡೀತಾನೆ."

ಮನೆಯ ಕಡೆಗೆ ಎಂದರೆ ನಿಲ್ದಾಣದ ಕಡೆಗೆ. ಆ ದಿಕ್ಕಿನಲ್ಲಿ ಇಲ್ಲಿನ ಮೀನುಗಾರರು ಅತ್ತೆಮನೆ ಎಂದು ಕರೆಯುವ ಒಂದು ಜಾಗವಿದೆ. ಅಲ್ಲಿಗೆ ಹೋದ ಬಲೆ ಸಲೀಸಾಗಿ ವಾಪಸು ಬರುವುದಿಲ್ಲವಂತೆ, ಬಂದರೂ ಹರಿದುಕೊಂಡು ಬರುತ್ತದಂತೆ. ತಳದಲ್ಲಿ ಏನೋ ಇದೆ. ನಾಳೆಯಿಂದ ಸಾಲು ಅತ್ತ.

ಅಜ್ಜಿಗೆ ಇನ್ನೂ ಹೇಳಬೇಡಿ. ಇರಬಹುದು ಎನ್ನುವ ಮಾತನ್ನು ಅವಳ ಕೈಗೆ ಕೊಡಬಾರದು.

ನಿದ್ದೆ ಬಾರದ ನೀರುಕೋಳಿ

*

ಮಾರ್ಚ್ 26
ಡ್ರೈವಿಂಗ್ ಸ್ಕೂಲಿನಿಂದ

ನೀರುಕೋಳಿಗೆ,

ಹೇಳಬೇಡಿ ಎಂದಿದ್ದೀಯ, ನಾನೂ ಹೇಳಲಿಲ್ಲ. ಆದರೆ ನನ್ನ ಮುಖ ಎಂಬುದು ಹೆಡ್‌ಲೈಟ್ ಇದ್ದ ಹಾಗೆ, ಆರಿಸಲು ಬರುವುದಿಲ್ಲ. ಮೆಟ್ಟಿಲು ಹತ್ತಿ ಬಂದದ್ದೇ ತಡ, ಅಜ್ಜಿ ಕೇಳಿದಳು: "ಏನು ಸಿಕ್ತು?"

"ಏನೂ ಇಲ್ಲಮ್ಮ, ಒಂದು ತಗಡು."

"ಬೆಳ್ಳಗಿತ್ತಾ?"

ನಾನು ಸುಳ್ಳು ಹೇಳಿ ಜಯಿಸಿದ ದಿನವಿದೆಯೇ? ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ಸುತ್ತಿದಳು, ಬಿಚ್ಚಿದಳು. ಆಮೇಲೆ, ಗಂಟು ಸಿಕ್ಕರೆ ಹೇಳಬೇಡಿ ಎಂದಿದ್ದವಳೇ, ಸಿಕ್ಕರೆ ಏನು ನೋಡಬೇಕೆಂದು ಹೇಳತೊಡಗಿದಳು. ನಾನು ಬರೆದುಕೊಳ್ಳುತ್ತಿದ್ದಂತೆ ಎರಡು ಸಲ ತಿದ್ದಿದಳು.

ಕೇಳು. ರೇಡಿಯೋದವರು ಪ್ಯಾರಾಚೂಟನ್ನು ಮೈಮೇಲೆ ಹಾಕಿಕೊಂಡು ಕೂರುತ್ತಿರಲಿಲ್ಲ. ಜಾಗ ಸಾಲದು. ಸೀಟಿನ ಹಿಂದೆ ಗೋಡೆಗೆ ಒಂದು ಗೂಡು, ಅದರಲ್ಲಿ ಚೀಲ. ಬೇಕಾದಾಗ ಹಿಂದಕ್ಕೆ ತಿರುಗಿ ತೆಗೆದು ಎದೆಗೆ ಸಿಕ್ಕಿಸಿಕೊಳ್ಳಬೇಕು. ಚೀಲದ ಬಾಯಿಗೆ ಒಂದು ಪಿನ್ನು, ಪಿನ್ನಿಗೆ ಒಂದು ಎಳೆ ದಾರ. ಬಿಚ್ಚಲು ಚೀಲದ ಹಿಡಿ ಎಳೆದರೆ ಆ ದಾರ ಮೊದಲು ಹರಿಯುತ್ತದೆ. ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಬಣ್ಣದ ದಾರ. ಅಜ್ಜಿಯದು ಹಸಿರು. ಅವಳು ಎಡಚಿ ತಾನೇ, ಅವಳ ಗಂಟು ಎಡಕ್ಕೆ ತಿರುಗಿರುತ್ತದೆ.

"ದಾರ ಹರಿದಿದ್ರೆ ಅವರು ಎಳೆದಿದ್ರು ಅಂತ. ಎಳೆದೂ ಬಿಚ್ಚಲಿಲ್ಲ ಅಂತ. ದಾರ ಹಾಗೇ ಇದ್ರೆ..." ಎಂದಳು. ಎದ್ದು ಒಲೆಯ ಕಡೆ ಹೋದಳು.

ಇಲ್ಲಿ ನನ್ನ ಪಾಠ ಕೇಳಿ ಇಬ್ಬರು ಶಿಷ್ಯರು ಬೇರೆ ಸ್ಕೂಲು ಸೇರಿದ್ದಾರೆ. ಪರವಾಗಿಲ್ಲ. ಅತ್ತೆಮನೆಗೆ ಬೇಗ ಹೋಗು ಮಾರಾಯ್ತಿ.

ನಿನ್ನ ಮಾವ

*

ಏಪ್ರಿಲ್ 18
ದೋಣಿಯಿಂದ

ಮಾವ, ಸಿಕ್ಕಿತು.

ವಾರಗಟ್ಟಲೆ ಗಾಳಿ ನಮ್ಮನ್ನು ತಡೆದ ಮೇಲೆ, ಅತ್ತೆಮನೆಯ ಮೇಲೆ ಮೂರನೆಯ ಸಾಲು ಹೋಗುತ್ತಿದ್ದಾಗ ಕಾಗದದ ಮೇಲೆ ಮೊದಲು ಒಂದು ಗೆರೆ ಬಂತು. ಆಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಎರಡು ರೆಕ್ಕೆ, ಒಂದು ಮೈ. ಕಡಲು ಇಷ್ಟು ನೇರ ಗೆರೆ ಎಳೆಯುವುದಿಲ್ಲ. ನಾನು ಕಿರುಚಿದ್ದು ಕೇಳಿ ಗೊಣಗಪ್ಪ ಚುಕ್ಕಾಣಿ ಬಿಟ್ಟು ಓಡಿ ಬಂದರು. ಕಾಗದ ನೋಡಿದರು. ಗೊಣಗಲಿಲ್ಲ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮಧ್ಯಾಹ್ನ ಇಳಿದೆವು. ನೀರು ಅವತ್ತೊಂದು ದಿನ ನಮ್ಮ ಮೇಲೆ ದಯೆ ತೋರಿಸಿತ್ತು, ದೂರದಿಂದಲೇ ಕಂಡಿತು. ರೆಕ್ಕೆಯ ತುಂಬ ಹರಿದ ಬಲೆಗಳು, ಬಲೆಗಳೊಳಗೆ ಮೀನುಗಳ ಸಂಸಾರ. ಮೂತಿ ಕೆಸರಿನಲ್ಲಿ ಹೂತಿದೆ. ಒಂದು ಎಂಜಿನ್ನಿಗೆ ಮುಚ್ಚಳವಿಲ್ಲ. ನಾನು ಆ ಬೋಳು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೀರೊಳಗೇ ನಕ್ಕೆ, ನಕ್ಕು ಕನ್ನಡಕದೊಳಗೆ ಅತ್ತೆ. ನೀರಿನಡಿ ಅಳಬಾರದು ಮಾವ, ಒರೆಸಿಕೊಳ್ಳಲು ಆಗುವುದಿಲ್ಲ.

ಕಿಟಕಿಯಿಂದ ಒಳಗೆ ದೀಪ ಬಿಟ್ಟೆವು. ಅವರಿದ್ದಾರೆ. ಇಬ್ಬರೂ ಇದ್ದಾರೆ. ಇದಕ್ಕಿಂತ ಹೆಚ್ಚು ಈಗ ಹೇಳಲಾರೆ. ನಮ್ಮ ಕೆಲಸದಲ್ಲಿ ಒಂದು ನಿಯಮ: ಮನುಷ್ಯರು ಕಂಡರೆ ಅಲ್ಲಿಗೆ ಕೈ ನಿಲ್ಲಿಸಬೇಕು. ಅವರನ್ನು ಎತ್ತಲು ತಿಳಿದವರು ಬರಬೇಕು, ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ.

ರೇಡಿಯೋ ಸೀಟು ಕಂಡಿತು. ಅದರ ಹಿಂದಿನ ಗೂಡೂ ಕಂಡಿತು. ಗೂಡಿನ ಬಾಯಿಯವರೆಗೆ ಕೆಸರು ತುಂಬಿದೆ. ಒಳಗೆ ಚೀಲವಿದೆಯೋ ಇಲ್ಲವೋ ಗೊತ್ತಿಲ್ಲ. ಕೈಯಳತೆಯಲ್ಲಿ ಇತ್ತು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೇಲೆ ಬಂದೆ.

ಕಾಯಿರಿ.

ನೀರುಕೋಳಿ

*

ಏಪ್ರಿಲ್ 27

ಕಾಯಿರಿ ಎಂದು ಬರೆದು ಕೂತಿದ್ದೀಯಲ್ಲ, ನಿನಗೇನು, ನೀರೊಳಗೆ ಆರಾಮಾಗಿರುತ್ತೀಯ. ಇಲ್ಲಿ ಅಂಚೆಯವನು ನಮ್ಮ ಬೀದಿಗೆ ಬರಲು ಹೆದರುತ್ತಿದ್ದಾನೆ. ನಾನು ಕೆಳಗೆ ಹಿಡಿಯುತ್ತೇನೆ, ಅಜ್ಜಿ ಮೇಲಿನಿಂದ ಕೂಗುತ್ತಾಳೆ. ಇಬ್ಬರೂ ಇದ್ದಾರೆ ಎಂದು ಓದಿದಾಗ, "ಹಾಗಾದ್ರೆ ಹಾರ್ಲಿಲ್ಲ" ಎಂದು ಒಂದೇ ಮಾತು ಅಂದಳು. ಮರುಕ್ಷಣ ತಾನೇ ತಲೆ ಅಲ್ಲಾಡಿಸಿ, "ಒಳಗೇ ಎಳೆದು ನೋಡಿರ್ಬಹುದು, ಬಿಚ್ಚದೆ ಹೋಗಿರ್ಬಹುದು" ಎಂದಳು. ಅಷ್ಟು ವರ್ಷದ ಭಯ ಒಂದು ಪತ್ರಕ್ಕೆ ಮನೆ ಖಾಲಿ ಮಾಡುತ್ತದೆಯೇ?

ದಾರ ಇದೆಯೋ ಇಲ್ಲವೋ, ಅದನ್ನು ಬರಿ. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ, ಇನ್ನು ಅಜ್ಜಿಗೇ ನೇರವಾಗಿ ಬರಿ. ಅವಳೇ ಹಾಗೆ ಹೇಳಿದ್ದಾಳೆ.

ಮಾವ

*

ಮೇ 15
ಬಂದರಿನ ಕೋಣೆಯಿಂದ

ಅಜ್ಜಿ,

ಮೊದಲು ಇದನ್ನು ಓದಿಬಿಡು: ದಾರ ಹರಿದಿಲ್ಲ.

ಈಗ ಒಂದು ಲೋಟ ನೀರು ಕುಡಿದು ಉಳಿದದ್ದನ್ನು ಓದು. ಅನುಮತಿ ಬಂದ ಮೇಲೆ ಗೂಡಿನ ಕೆಸರನ್ನು ಚಮಚದಲ್ಲಿ ತೆಗೆದ ಹಾಗೆ ತೆಗೆದೆವು. ಚೀಲ ಅಲ್ಲೇ ಇತ್ತು, ಇಟ್ಟ ಜಾಗದಲ್ಲಿ, ಇಟ್ಟ ಹಾಗೆ. ಕೆಸರಿನೊಳಗೆ ಗಾಳಿಯಾಡದ್ದರಿಂದ ಬಟ್ಟೆ ಕೊಳೆತಿಲ್ಲ. ಚೀಲವನ್ನು ಮಗುವನ್ನು ಎತ್ತಿದ ಹಾಗೆ ಎದೆಗೆ ಒತ್ತಿಕೊಂಡು ಮೇಲೆ ತಂದವಳು ನಾನು.

ದಡದಲ್ಲಿ ಇಂಥ ವಸ್ತುಗಳನ್ನು ಜೋಪಾನ ಮಾಡುವ ಕೆಲಸದ ಮನೆಯಿದೆ. ಅಲ್ಲಿ ಸಿಹಿನೀರಿನ ತೊಟ್ಟಿಯಲ್ಲಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಬಿಚ್ಚಿದರು. ಪಿನ್ನು ತನ್ನ ಜಾಗದಲ್ಲಿದೆ. ಪಿನ್ನಿನ ಮೇಲೆ ದಾರ. ಬಣ್ಣ ಹೋಗಿದೆ, ಹಸಿರೋ ಅಲ್ಲವೋ ಹೇಳಲಾರೆ. ಗಂಟು ಎಡಕ್ಕೆ ತಿರುಗಿದೆ. ಅದನ್ನು ಬಿಡಿಸುತ್ತಿದ್ದಾಕೆ ಕೆಲಸ ನಿಲ್ಲಿಸಿ ನನ್ನನ್ನು ಕರೆದು ತೋರಿಸಿದರು: ಒಂದು ಹಗ್ಗವೂ ಇನ್ನೊಂದನ್ನು ದಾಟಿಲ್ಲ, ಒಂದು ಮಡಿಕೆಯೂ ಜಾರಿಲ್ಲ. "ಇದನ್ನ ಎಳೆದಿದ್ರೆ ಬಿಚ್ಚದೆ ಇರ್ತಿರಲಿಲ್ಲ ಕಣಮ್ಮ. ಯಾರು ಮಡಿಚಿದ್ದು ಇದನ್ನ?" ಎಂದರು. ನಮ್ಮಜ್ಜಿ ಎಂದೆ. ಇಷ್ಟು ಜಂಬದಿಂದ ನಾನು ಯಾವ ಮಾತನ್ನೂ ಆಡಿಲ್ಲ.

ಇನ್ನೊಂದು ವಿಷಯವಿದೆ, ಮುಚ್ಚಿಡುವುದಿಲ್ಲ. ಅಜ್ಜ ತನ್ನ ಸೀಟಿನಲ್ಲಿರಲಿಲ್ಲ. ಕಿವಿಗೆ ಹಾಕುವ ಫೋನು ರೇಡಿಯೋದ ಕೊಕ್ಕೆಗೆ ನೇತುಹಾಕಿಯೇ ಇತ್ತು, ಬೆಲ್ಟು ಬಿಚ್ಚಿತ್ತು. ಅವರು ಮುಂದುಗಡೆ, ಪೈಲಟ್ ಸೀಟಿನ ಪಕ್ಕದಲ್ಲಿದ್ದರು. ಪೈಲಟ್‌ನ ಕಾಲು, ಎಂಜಿನ್ ಸಿಡಿದಾಗಲೇ ಬಗ್ಗಿದಂತೆ ಕಾಣುವ ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತ್ತು. ಅಜ್ಜ ಎದ್ದಾಗ ಹಿಂದೆ ನಿನ್ನ ಗಂಟಿತ್ತು, ಮುಂದೆ ಆ ಹುಡುಗನಿದ್ದ. ಅವರು ಮುಂದಕ್ಕೆ ಹೋದರು.

ಇಬ್ಬರನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ದಡಕ್ಕೆ ತಂದಿದ್ದೇವೆ. ಬಂದರಿನ ದೋಣಿಗಳೆಲ್ಲ ಎಂಜಿನ್ ನಿಲ್ಲಿಸಿದ್ದವು. ನೀನು ಬರುವವರೆಗೆ ಕಾಯುತ್ತಾರೆ.

ನಿನ್ನ ಮೊಮ್ಮಗಳು

*

ಮೇ 24

ಮಗೂ,

ಇದನ್ನು ನಿನ್ನ ಮಾವನ ಕೈಯಲ್ಲಿ ಬರೆಸುತ್ತಿಲ್ಲ. ಅವನು ನಡುನಡುವೆ ಅತ್ತು ಕಾಗದ ಒದ್ದೆ ಮಾಡುತ್ತಾನೆ.

ಇಷ್ಟು ವರ್ಷ ನಾನು ನಿಮ್ಮಜ್ಜನ ಮೇಲೆ ಒಮ್ಮೆಯೂ ಸಿಟ್ಟಾಗಿರಲಿಲ್ಲ. ನನಗೆ ಆ ಹಕ್ಕಿಲ್ಲ ಅಂದುಕೊಂಡಿದ್ದೆ. ಬೇರೆ ಹೆಂಗಸರು ತೀರಿಹೋದ ಗಂಡಂದಿರನ್ನು ಬಾಯಿ ತುಂಬ ಬೈಯುವಾಗ ನಾನು ಎದ್ದು ಹೋಗುತ್ತಿದ್ದೆ. ನಿನ್ನ ಪತ್ರ ಓದಿದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಮನೆಯಲ್ಲಿ ಎರಡು ಪುಟ್ಟ ಮಕ್ಕಳಿವೆ, ಕೈಗೆಟುಕುವ ಹಾಗೆ ನಾನು ಕಟ್ಟಿಕೊಟ್ಟ ಗಂಟಿದೆ, ಈ ಮನುಷ್ಯ ಅದರ ಕಡೆ ತಿರುಗಿಯೂ ನೋಡದೆ ಮುಂದಕ್ಕೆ ಹೋದರಲ್ಲ. ಫೋಟೋದ ಎದುರು ನಿಂತು ಗಟ್ಟಿಯಾಗಿ ಬೈದೆ. ಕೆಳಗೆ ಪಾಠ ನಿಂತುಹೋಯಿತಂತೆ. ಗಂಟಲು ಕಟ್ಟುವವರೆಗೆ ಬೈದೆ, ಆಮೇಲೆ ಕೂತು ಅತ್ತೆ. ಎಂಥ ಸುಖ ಅಂತೀಯ. ಬೇರೆಯವರ ಹಾಗೆ ನಾನೂ ಒಬ್ಬ ಗಂಡನನ್ನು ಕಳೆದುಕೊಂಡವಳು, ಅಷ್ಟೇ. ಕೊಂದವಳಲ್ಲ.

ಆ ಪೈಲಟ್ ಹುಡುಗ ನನಗೆ ಗೊತ್ತಿತ್ತು. ಮೀಸೆ ಬಂದಿದೆ ಎಂದು ಎಲ್ಲರಿಗೂ ತೋರಿಸುತ್ತಿದ್ದ. ಅವನನ್ನು ಬಿಟ್ಟು ಹಾರಿ ಬಂದಿದ್ದರೆ ಅದಕ್ಕೂ ಇವರನ್ನು ಬೈಯುತ್ತಿದ್ದೆ, ಬಿಡು.

ಆ ಕೆಲಸದ ಮನೆಯ ತಾಯಿಗೆ ಹೇಳು: ರೇಷ್ಮೆಯನ್ನು ಬಿಸಿಲಿಗೆ ಹಾಕಬಾರದು, ನೆರಳಿನಲ್ಲಿ ಒಣಗಬೇಕು. ಮತ್ತೆ ಮಡಿಚುವುದಿದ್ದರೆ ಅವರು ಕೈ ಹಾಕುವುದು ಬೇಡ. ನಾನು ಬರುತ್ತಿದ್ದೇನೆ. ಅದು ಮನೆಯವರು ಮಾಡುವ ಕೆಲಸ.

ಅದನ್ನು ಕಟ್ಟಿದವಳು,
ನಿನ್ನ ಅಜ್ಜಿ

*

ಜೂನ್ 2
ದೋಣಿಯಿಂದ

ಅಜ್ಜಿ,

ನೀನು ನಾಡಿದ್ದು ಬಂದಿಳಿಯುತ್ತೀಯ, ಈ ಪತ್ರ ನಿನ್ನ ಕೈಸೇರುವ ಮೊದಲೇ ನಾನು ನಿನ್ನ ಕೈ ಹಿಡಿದಿರುತ್ತೇನೆ. ಆದರೂ ಬರೆಯದೆ ಇರಲಾಗುತ್ತಿಲ್ಲ.

ನಿನ್ನ ಪತ್ರ ಇವತ್ತು ಸಾಮಾನಿನ ದೋಣಿಯಲ್ಲಿ ಬಂತು. ಆಗ ನಾವು ಅತ್ತೆಮನೆಯ ಮೇಲೆಯೇ ಇದ್ದೆವು, ಗುರುತಿನ ಹಗ್ಗಗಳನ್ನು ಬಿಚ್ಚುತ್ತಿದ್ದೆವು. ಲಕೋಟೆ ಹರಿದರೆ ಮೊದಲಿಗೆ ಪತ್ರವೆಂದೇ ಗೊತ್ತಾಗಲಿಲ್ಲ, ಬೆರಳಗಲಕ್ಕೆ ಮಡಿಚಿದ ಕಾಗದದ ದಪ್ಪನೆಯ ಒಂದು ಪಟ್ಟಿ. ಮಡಿಕೆಯ ಮೇಲೆ ಮಡಿಕೆ, ಕೂದಲೆಳೆ ಜಾರಿಲ್ಲ. ಮೇಲೆ ಹಸಿರು ದಾರ. ಗಂಟು ಎಡಕ್ಕೆ. ಗೊಣಗಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದನ್ನ ಬಿಚ್ಚೋದು ಹೆಂಗಮ್ಮ, ಹರಿದುಗಿರಿದು ಹಾಕ್ಬೇಡ" ಎಂದು ಗೊಣಗಿದರು.

ನಾನು ದಾರದ ತುದಿ ಹಿಡಿದು ಎಳೆದೆ.

ಒಂದೇ ಎಳೆತ ಸಾಕಾಯಿತು ಅಜ್ಜಿ. ಪೂರ್ತಿ ಬಿಚ್ಚಿಕೊಂಡಿತು.

ನಿನ್ನ ನೀರುಕೋಳಿ